ದೋಣಿ, ಮಲೆ ಮತ್ತು ಒಂದು ಶಿಪ್ಪು

ದೋಣಿಮಲೈ ಟೌನ್‌ಶಿಪ್ ಎಂಬ ಹೆಸರನ್ನು ಬಿಡಿಸಿ ಓದಿದರೆ ಮುಂದೊಂದು ದೋಣಿ, ಹಿಂದೊಂದು ಹಡಗು, ನಡುವೆ ಬೆಟ್ಟ. ತೇಲಲು ನೀರೊಂದೇ ಬಾಕಿ. ಸಂಡೂರಿನ ಕೆಂಪು ಗುಡ್ಡಗಳಲ್ಲಿ ಹಡಗಿಗೇನು ಕೆಲಸ ಎಂದು ನಗಬಹುದು. ಆದರೆ ಈ ಶಿಪ್ಪು ಆ ಶಿಪ್ಪಲ್ಲ. ಫ್ರೆಂಡ್‌ಶಿಪ್ಪಿನ ಬಾಲಕ್ಕೆ ಅಂಟಿಕೊಂಡದ್ದೇ ಇಲ್ಲಿಯೂ ಇದೆ. ಅದರ ನಂಟು ಹಡಗಿನ ಜೊತೆಗಲ್ಲ, ಆಕಾರ ಎಂಬ ಅರ್ಥದ ಶೇಪ್ ಜೊತೆಗೆ. ಇನ್ನು ಟೌನ್ ಎಂದರೆ ಹಳೆಯ ಇಂಗ್ಲಿಷಿನಲ್ಲಿ ಮೊದಲಿಗೆ ಪಟ್ಟಣವಲ್ಲ, ಬೇಲಿ. ಆಮೇಲೆ ಬೇಲಿ ಹಾಕಿದ ಹೊಲಮನೆ. ಅದರ ಜರ್ಮನ್ ದಾಯಾದಿ ತ್ಸೌನ್ ಇವತ್ತಿಗೂ ಬೇಲಿಯಾಗಿಯೇ ಉಳಿದಿದೆ, ಡಚ್ಚರಲ್ಲಿ ಅದು ತೋಟವಾಗಿದೆ. ಎರಡೂ ಸೇರಿ ಟೌನ್‌ಶಿಪ್ ಆದಾಗ ಅದರ ಮೊದಲ ಅರ್ಥ ಮನೆಗಳೂ ಅಲ್ಲ, ನೆಲವೂ ಅಲ್ಲ. ಬೇಲಿಯೊಳಗೆ ಒಟ್ಟಿಗೆ ಬಾಳುವ ಜನ. ಮುಂದೆ ಪದ ಕಡಲು ದಾಟಿತು. 1785ರ ಕಾಯಿದೆಯ ನಂತರ ಅಮೆರಿಕದಲ್ಲಿ ಅದು ಆರು ಮೈಲಿ ಉದ್ದ, ಆರು ಮೈಲಿ ಅಗಲದ ಅಳತೆಯ ಚೌಕವಾಯಿತು. ದಕ್ಷಿಣ ಆಫ್ರಿಕದಲ್ಲಿ ಕರಿಯರನ್ನು ನಗರದಾಚೆ ಇಟ್ಟ ವಸತಿಗೆ ಅದೇ ಹೆಸರು. ಸೊವೆಟೊ ಎಂಬುದು ನೈಋತ್ಯ ದಿಕ್ಕಿನ ಟೌನ್‌ಶಿಪ್‌ಗಳು ಎಂಬುದರ ಸಂಕ್ಷೇಪ. ನಮ್ಮಲ್ಲಿ ಅದು ಹೆಚ್ಚಾಗಿ ಕಂಪನಿಯ ಕ್ವಾರ್ಟರ್ಸು. ಜನರಿಂದ ಹೊರಟ ಪದ ನೆಲಕ್ಕೆ ಬಂದು, ನೆಲದಿಂದ ಮಾಲೀಕರ ಕೈಗೆ ಹೋಯಿತು.

ಕನ್ನಡದಲ್ಲಿ ಇದಕ್ಕೆ ಪದಗಳ ಬರವೇನಿರಲಿಲ್ಲ. ಊರು, ಪೇಟೆ, ಪಟ್ಟಣ, ಪುರ, ಕೇರಿ, ಪಾಳ್ಯ ಎಲ್ಲ ಇದ್ದವು. ಆದರೂ 1977ರಲ್ಲಿ ಸರ್ಕಾರಿ ಗಣಿ ಕಂಪನಿ ಎನ್‌ಎಂಡಿಸಿಯ ಕಬ್ಬಿಣದ ಅದಿರಿನ ಗಣಿ ಶುರುವಾದ ಈ ಬೆಟ್ಟದ ವಸತಿಯನ್ನು ಯಾರೂ ದೋಣಿಮಲೈ ಪೇಟೆ ಎನ್ನಲಿಲ್ಲ. ಇದು ಇಂಗ್ಲಿಷಿನ ಮೋಹ ಎಂದು ತಳ್ಳಿಹಾಕುವುದು ಸುಲಭ. ನನಗೆ ಮಾತ್ರ ಇದರಲ್ಲಿ ಜನರ ಸೂಕ್ಷ್ಮ ಕಾಣುತ್ತದೆ. ಪೇಟೆ ಎಂದರೆ ಯಾರು ಬೇಕಾದರೂ ಬಂದು ಅಂಗಡಿ ಇಟ್ಟು, ನಷ್ಟವಾದರೆ ಬೇರೆ ದಂಧೆ ಹಿಡಿದು ಅಲ್ಲೇ ಉಳಿಯಬಹುದಾದ ಜಾಗ. ಟೌನ್‌ಶಿಪ್ಪಿನಲ್ಲಿ ಮನೆ ಸಿಗುವುದು ನೌಕರಿಯ ಜೊತೆಗೆ, ಬಿಡಬೇಕಾಗುವುದೂ ನೌಕರಿಯ ಜೊತೆಗೇ. ಈ ವ್ಯತ್ಯಾಸ ಎಷ್ಟು ದೊಡ್ಡದು ಎಂಬುದಕ್ಕೆ ಸಾಕ್ಷಿ ಹತ್ತಿರದಲ್ಲೇ ಇದೆ. ಕೃಷ್ಣದೇವರಾಯ ಕಟ್ಟಿಸಿದ ನಾಗಲಾಪುರದ ರಾಜದತ್ತ ಹೆಸರು ಅಳಿಸಿಹೋಗಿ ಹೊಸಪೇಟೆ ಎಂಬ ಹೆಸರು ನಿಂತಿತು. 1565ರ ಯುದ್ಧದ ನಂತರ ಕೋಟೆಯೊಳಗಿನ ರಾಜಧಾನಿ ಹಂಪಿ ಹಾಳುಬಿದ್ದರೂ ಈ ಪೇಟೆ ಬದುಕಿತು. ಹಂಪಿಯಲ್ಲೂ ಬಜಾರುಗಳಿದ್ದವಲ್ಲ, ಅವೇಕೆ ಉಳಿಯಲಿಲ್ಲ ಎಂದು ಕೇಳಬಹುದು. ಸರಿಯಾದ ಪ್ರಶ್ನೆಯೇ. ಕೃಷ್ಣ ಬಜಾರು, ಅಚ್ಯುತ ಬಜಾರುಗಳು ಅರಮನೆಯ ಆಶ್ರಯದಲ್ಲಿ ಬೆಳೆದವು, ಅದರೊಂದಿಗೇ ಮುಗಿದವು. ವಿರೂಪಾಕ್ಷನ ಪೂಜೆ ನಿಲ್ಲದ ಕಾರಣ ಆ ಗುಡಿಯ ಸುತ್ತ ಮಾತ್ರ ಹಂಪಿ ಊರಾಗಿ ಉಳಿಯಿತು. ಬಜಾರು ಇದ್ದರೆ ಸಾಲದು, ಅದು ಒಬ್ಬನೇ ಧಣಿಯನ್ನು ನಂಬಿರಬಾರದು.

ಗಣಿಗಳ ಕತೆಯೂ ಇದೇ. ಕೋಲಾರದ ಚಿನ್ನದ ಗಣಿ 2001ರಲ್ಲಿ ಮುಚ್ಚಿತು. ಊರು ಬಡವಾಯಿತು, ನಿಜ. ಆದರೆ ಅಲ್ಲಿನ ರಾಬರ್ಟ್‌ಸನ್‌ಪೇಟೆ, ಆಂಡರ್‌ಸನ್‌ಪೇಟೆಗಳು ಖಾಲಿಯಾಗಲಿಲ್ಲ. ಜನ ದಿನಾ ರೈಲು ಹತ್ತಿ ಬೆಂಗಳೂರಿಗೆ ಹೋಗಿ ದುಡಿದು ರಾತ್ರಿ ಮನೆಗೆ ಮರಳಿದರು. ಕುದುರೆಮುಖದಲ್ಲಿ 2005ರ ಕೊನೆಗೆ ಅದಿರು ತೆಗೆಯುವುದು ನಿಂತಿತು; ಅಚ್ಚುಕಟ್ಟಾಗಿ ಕಟ್ಟಿದ್ದ ಅಲ್ಲಿನ ಟೌನ್‌ಶಿಪ್ ಬರಿದಾಯಿತು. ಅದು ರಾಷ್ಟ್ರೀಯ ಉದ್ಯಾನದ ಕಾಡು, ಹಾಗಾಗಿ ಹೋಲಿಕೆ ಸಲ್ಲದು ಎನ್ನುವವರಿದ್ದಾರೆ. ಕಾಡು ಉಳಿಯಬೇಕಾದದ್ದು ಸರಿ. ಆದರೆ ಉಳಿಯುವೆವೋ ಬಿಡುವೆವೋ ಎಂಬ ಪ್ರಶ್ನೆ ಎತ್ತಲು ಅಲ್ಲಿನವರ ಕೈಯಲ್ಲಿ ಒಂದು ಹಕ್ಕುಪತ್ರವೂ ಇರಲಿಲ್ಲ ಎಂಬುದೂ ಅಷ್ಟೇ ಸರಿ. ದೋಣಿಮಲೈಗೂ ಇದರ ಸುಳಿವು ಸಿಕ್ಕಿದೆ. ಗುತ್ತಿಗೆ ನವೀಕರಣದ ತಗಾದೆಯಿಂದ 2018ರ ನವೆಂಬರಿನಲ್ಲಿ ನಿಂತ ಗಣಿ ಮತ್ತೆ ಶುರುವಾದದ್ದು 2021ರ ಫೆಬ್ರವರಿಯಲ್ಲಿ. ಅದೇ ಕಂಪನಿಯ ಪಕ್ಕದ ಕುಮಾರಸ್ವಾಮಿ ಗಣಿ ನಡೆಯುತ್ತಿದ್ದರಿಂದ ಒಲೆ ಆರಲಿಲ್ಲ.

ಟೌನ್‌ಶಿಪ್ಪಿಗಿಂತ ಪೇಟೆ ಗಟ್ಟಿ ಎಂಬ ಈ ವಾದಕ್ಕೆ ಎರಡು ಆಕ್ಷೇಪಗಳಿವೆ. ಮೊದಲನೆಯದು ಸೌಕರ್ಯದ್ದು: ಶಾಲೆ, ಆಸ್ಪತ್ರೆ, ಮರದ ಸಾಲು ಇರುವ ಟೌನ್‌ಶಿಪ್ಪನ್ನು ಬಿಟ್ಟು ಧೂಳಿನ ಪೇಟೆಯನ್ನು ಹೊಗಳುವುದೇಕೆ? ಹೊಗಳುತ್ತಿಲ್ಲ. ಸೌಕರ್ಯವನ್ನು ಕೊಟ್ಟವರು ಹಿಂದಕ್ಕೂ ತೆಗೆದುಕೊಳ್ಳಬಲ್ಲರು. ಕೇಳಿ ಪಡೆಯುವ ಅಧಿಕಾರವಿದ್ದಲ್ಲಿ ಅದು ಅಷ್ಟು ಸುಲಭವಲ್ಲ. ಅಂಥ ಅಧಿಕಾರ ಪುರಸಭೆಯಿಂದ ಬರುತ್ತದೆ; ಆದರೆ ಜನಗಣತಿ ದೋಣಿಮಲೈ ಟೌನ್‌ಶಿಪ್ಪನ್ನು ಗಣತಿ ಪಟ್ಟಣ ಎಂದು ಎಣಿಸಿದೆ. ಕನಿಷ್ಠ ಐದು ಸಾವಿರ ಜನ, ದುಡಿಯುವ ಗಂಡಸರಲ್ಲಿ ನೂರಕ್ಕೆ 75 ಮಂದಿ ಬೇಸಾಯದಾಚೆಗಿನವರು, ಚದರ ಕಿಲೋಮೀಟರಿಗೆ 400 ಜನ: ಈ ಲೆಕ್ಕ ಕೂಡಿದರೆ ಆ ಹೆಸರು ಸಿಗುತ್ತದೆ, ಪುರಸಭೆ ಸಿಗುವುದಿಲ್ಲ. ಎರಡನೆಯ ಆಕ್ಷೇಪ ಗಟ್ಟಿಯಾದದ್ದು. ಅಲ್ಲೇ ಹುಟ್ಟಿ, ಅಲ್ಲೇ ಓದಿ, ಗಣೇಶನ ಪೆಂಡಾಲಿಗೆ ಚಂದಾ ಎತ್ತಿದವರು ಅದನ್ನು ನಮ್ಮೂರು ಎನ್ನುತ್ತಾರೆ. ಅಲ್ಲ ಎನ್ನಲು ಹೊರಗಿನವರು ಯಾರು? ಇದನ್ನು ಒಪ್ಪಲೇಬೇಕು. ಹಳೆಯ ಇಂಗ್ಲಿಷೂ ಅವರ ಪಕ್ಷವೇ, ಟೌನ್‌ಶಿಪ್ ಎಂದರೆ ಮೊದಲಿಗೆ ಜನರೇ ತಾನೆ. ಆದರೆ ಮಮತೆಯಿಂದ ನಮ್ಮೂರು ಎನ್ನುವುದು ಒಂದು, ನಿವೃತ್ತಿಯ ಮರುದಿನವೂ ಅಲ್ಲಿರುವುದು ಇನ್ನೊಂದು. ಮೊದಲನೆಯದು ಅವರಿಗಿದೆ, ಎರಡನೆಯದು ಇಲ್ಲ.

ಹಾಗಾದರೆ ಹೆಸರು ಬದಲಿಸಿ ದೋಣಿಮಲೆನಗರ ಎಂದರೆ ಸಾಕೇ? ಬೋರ್ಡು ಬರೆಯುವವನಿಗೆ ಒಂದು ದಿನದ ಕೂಲಿ, ಅಷ್ಟೇ. ಬದಲಾಗಬೇಕಾದದ್ದು ಕರಾರು. ಅದಿರು ಮುಗಿಯುವ ಸರಕು. ಅದನ್ನು ತೆಗೆಯುವ ಗುತ್ತಿಗೆಗೆ ವರ್ಷಗಳ ಮಿತಿ ಬರೆದಿರುತ್ತದೆ, ರಾಜಧನದ ಲೆಕ್ಕ ಬರೆದಿರುತ್ತದೆ. ಗಣಿ ಮುಚ್ಚಿದ ಮೇಲೆ ಮನೆ ಯಾರಿಗೆ, ಶಾಲೆ ನಡೆಸುವವರು ಯಾರು, ನೀರು ಬಿಡುವವರು ಯಾರು ಎಂಬ ಮೂರು ಸಾಲನ್ನೂ ಅದೇ ಕಾಗದದಲ್ಲಿ ಬರೆಯಬೇಕು, ಗಣಿ ಲಾಭದಲ್ಲಿರುವಾಗಲೇ. ನಷ್ಟದ ಕಾಲಕ್ಕೆ ಇಂಥ ಮಾತು ಕೇಳಿಸಿಕೊಳ್ಳಲು ಯಾರೂ ಸಿಗುವುದಿಲ್ಲ.