ಕಣದ ಅಂಚಿನಲ್ಲಿ ನಿಂತ ತಂದೆ

ಇಂಡಿ ಸೀಮೆಯ ಜಾತ್ರೆಗಳಲ್ಲಿ ನಿಕಾಲಿ ಕುಸ್ತಿ ಕಂಡವರು ಬಲ್ಲರು: ಸಾವಿರಾರು ಕಣ್ಣುಗಳು ಸೆಣಸುವ ಇಬ್ಬರ ಮೇಲೆ ನೆಟ್ಟಿರುತ್ತವೆ, ಅಂಚಿನಲ್ಲಿ ಕುಳಿತ ಉಸ್ತಾದನ ಮುಖವನ್ನು ನೋಡುವವರು ವಿರಳ. ಆ ಉಸ್ತಾದನು ಪೈಲವಾನನ ತಂದೆಯೂ ಆಗಿದ್ದರಂತೂ ನಿಜವಾದ ಕುಸ್ತಿ ನಡೆಯುವುದು ಆ ಮುಖದಲ್ಲಿಯೇ. ಲಚ್ಯಾಣದ ಹಿರಿಯನೊಬ್ಬನಿಗೆ ‘ಕ್ರೀಡ್ 2’ ಚಿತ್ರವನ್ನು ತೋರಿಸಿದರೆ ಭಾಷೆ ತಿಳಿಯದಿದ್ದರೂ ಅವನು ಇವಾನ್ ಡ್ರಾಗೋನನ್ನು ಗುರುತಿಸಿಯಾನು.

2018ರಲ್ಲಿ ತೆರೆಕಂಡ ಈ ಅಮೆರಿಕನ್ ಮುಷ್ಟಿಯುದ್ಧದ ಚಿತ್ರವು 2015ರ ‘ಕ್ರೀಡ್’ನ ಮುಂದಿನ ಭಾಗ. ಇದರ ಬೇರು 1985ರ ‘ರಾಕಿ 4’ರಲ್ಲಿದೆ. ಅಲ್ಲಿ ಸೋವಿಯತ್ ಮಲ್ಲ ಇವಾನನ ಹೊಡೆತಕ್ಕೆ ಅಪೊಲೊ ಕ್ರೀಡ್ ಕಣದಲ್ಲಿಯೇ ಅಸುನೀಗುತ್ತಾನೆ. ಟವೆಲು ಎಸೆದು ಸೋಲೊಪ್ಪಿದ್ದರೆ ಗೆಳೆಯ ಉಳಿಯುತ್ತಿದ್ದನೇನೋ. ರಾಕಿಯ ಕೈಯಲ್ಲಿ ಟವೆಲು ಇತ್ತು, ಆತ ಎಸೆಯಲಿಲ್ಲ. ಬಳಿಕ ರಾಕಿಯಿಂದ ಇವಾನ್ ಸೋಲುತ್ತಾನೆ. ‘ಕ್ರೀಡ್ 2’ರಲ್ಲಿ ಮಡಿದವನ ಮಗ ಅಡೋನಿಸ್‌ನನ್ನು ಕೊಂದವನ ಮಗ ವಿಕ್ಟರ್ ಎದುರಿಸುತ್ತಾನೆ. ವೈರವು ಒಂದು ತಲೆಮಾರಿನಿಂದ ಮತ್ತೊಂದಕ್ಕೆ ಸಾಲದ ಬಾಕಿಯಂತೆ ವರ್ಗವಾಗಿದೆ.

ಚಿತ್ರ ಬಂದಾಗ ಹೊಗಳಿಕೆಯ ಹೆಚ್ಚಿನ ಪಾಲು ಮೈಕೆಲ್ ಬಿ. ಜೋರ್ಡನ್ ಮತ್ತು ಸಿಲ್ವೆಸ್ಟರ್ ಸ್ಟಲ್ಲೋನರಿಗೆ ಸಂದಿತು. ಅದು ಅನ್ಯಾಯವೆನ್ನಲಾಗದು. ಆದರೆ ಇವಾನನ ಪಾತ್ರ ವಹಿಸಿದ ಡಾಲ್ಫ್ ಲುಂಡ್‌ಗ್ರೆನ್ ಅವರಿಗೆ ಸಲ್ಲಬೇಕಾದುದು ಪೂರ್ಣವಾಗಿ ಸಲ್ಲಲಿಲ್ಲ. ಸ್ವೀಡನ್ನಿನ ಈ ನಟ ಸಿಡ್ನಿ ವಿಶ್ವವಿದ್ಯಾನಿಲಯದಲ್ಲಿ ರಾಸಾಯನಿಕ ಎಂಜಿನಿಯರಿಂಗ್ ಸ್ನಾತಕೋತ್ತರ ಪದವಿ ಪಡೆದವರು. ಜನರ ನೆನಪಿನಲ್ಲಿ ಉಳಿದದ್ದು ಮಾತ್ರ 1985ರ ಆ ಯಂತ್ರಸದೃಶ ದೇಹ. 61ನೆಯ ವಯಸ್ಸಿನಲ್ಲಿ ಅದೇ ದೇಹವನ್ನು ಅವರು ಬಾಗಿದ, ಬಳಲಿದ ಮನುಷ್ಯನದನ್ನಾಗಿ ತಂದು ನಿಲ್ಲಿಸಿದ್ದಾರೆ.

ಮಾತು ಅತ್ಯಲ್ಪ. ಫಿಲಡೆಲ್ಫಿಯಾದಲ್ಲಿ ರಾಕಿಯ ಉಪಾಹಾರಗೃಹಕ್ಕೆ ಬಂದು ಗೋಡೆಯ ಚಿತ್ರಗಳನ್ನು ನೋಡುತ್ತಾನೆ, ಅವುಗಳಲ್ಲಿ ತನ್ನದಿಲ್ಲ. ದೇಶ, ಗೌರವ, ಮಡದಿ ಎಲ್ಲವನ್ನೂ ಅಂದಿನ ಸೋಲು ಕಸಿದುಕೊಂಡಿತೆಂದು ತಗ್ಗಿದ ದನಿಯಲ್ಲಿ ಹೇಳುತ್ತಾನೆ. ಲುಂಡ್‌ಗ್ರೆನ್ ಇಲ್ಲಿ ಕೋಪವನ್ನು ಅಭಿನಯಿಸುವುದಿಲ್ಲ. ಮೂವತ್ತು ವರ್ಷಗಳಿಂದ ಅದನ್ನೇ ಉಂಡು ಉಡುತ್ತ ಬಂದವನಿಗೆ ಕೋಪ ದನಿಯಲ್ಲಿ ಇರುವುದಿಲ್ಲ, ಕುತ್ತಿಗೆಯಲ್ಲಿ ಇರುತ್ತದೆ. ನಾಲ್ಕು ಕಷಾಯಗಳಲ್ಲಿ ಮಾನವು ಕ್ರೋಧಕ್ಕಿಂತ ಎಷ್ಟು ದೀರ್ಘಾಯುಷಿ ಎಂಬುದಕ್ಕೆ ಈ ಮುಖವೇ ಸಾಕ್ಷಿ. ತಾನು ಕಳೆದುಕೊಂಡುದನ್ನು ಮಗನ ಮೈಯಿಂದ ವಸೂಲು ಮಾಡಹೊರಟ ತಂದೆಯವನು. ನಷ್ಟದ ಅಂಗಡಿಯನ್ನು ಮುಚ್ಚಿದರೆ ಮನೆತನದ ಹೆಸರು ಹೋದೀತೆಂದು ಮಗನನ್ನು ಗಲ್ಲೆಯ ಮೇಲೆ ಕೂರಿಸಿದ ತಂದೆಯರು ನಮ್ಮ ಪೇಟೆಗಳಲ್ಲಿಯೂ ಇಲ್ಲದಿಲ್ಲ.

ಕೊನೆಯ ಸೆಣಸಾಟ ಮಾಸ್ಕೋದಲ್ಲಿ. ವಿಕ್ಟರ್ ಕುಸಿಯತೊಡಗಿದಾಗ, ಹಿಂದೊಮ್ಮೆ ತೊರೆದು ಹೋಗಿದ್ದ ತಾಯಿ ಮತ್ತೆ ಎದ್ದು ನಡೆಯುತ್ತಾಳೆ. ಬರಿದಾದ ಆ ಕುರ್ಚಿಯನ್ನು ಮಗ ನೋಡುತ್ತಾನೆ. ಮಗ ನೋಡುವುದನ್ನು ಇವಾನ್ ನೋಡುತ್ತಾನೆ. ಲುಂಡ್‌ಗ್ರೆನ್ ಮುಖದಲ್ಲಿ ಆಗ ಬಹಳವೇನೂ ಚಲಿಸುವುದಿಲ್ಲ. ಬಿಗಿದ ದವಡೆ ಸಡಿಲುತ್ತದೆ, ಅಷ್ಟೆ. ಮರುಕ್ಷಣ ಟವೆಲು ಕಣಕ್ಕೆ ಬೀಳುತ್ತದೆ. 1985ರಲ್ಲಿ ರಾಕಿಯ ಕೈಯಿಂದ ಆಗದ ಕಾರ್ಯವನ್ನು ಅಂದು ಕೊಂದವನೇ ಮಾಡುತ್ತಾನೆ. ಮಗನನ್ನು ತಬ್ಬಿ ಸಂತೈಸುತ್ತಾನೆ.

ಇಲ್ಲಿ ಬಾಹುಬಲಿಯ ನೆನಪು ಸಹಜ. ದೃಷ್ಟಿ, ಜಲ, ಮಲ್ಲ ಎಂಬ ಮೂರು ಯುದ್ಧಗಳಲ್ಲಿ ಗೆದ್ದು, ಎತ್ತಿಹಿಡಿದ ಭರತನನ್ನು ಕೆಳಗಿಳಿಸಿದ ಆ ಮಹಾಪುರುಷನ ತ್ಯಾಗ ಗೆದ್ದವನ ತ್ಯಾಗ. ಅದಕ್ಕೆ ಇದು ಸಮವಲ್ಲ. ಇವಾನನದು ವೈರಾಗ್ಯವಲ್ಲ, ಸೋತವನ ಮಮತೆ. ಗುದ್ದಾಟವನ್ನು ರಂಜನೆಯಾಗಿ ತೋರುವ ಚಿತ್ರವನ್ನು ಅಹಿಂಸಾವ್ರತಿಗಳು ಮೆಚ್ಚುವುದು ಹೇಗೆಂಬ ಆಕ್ಷೇಪವೂ ಸಾಧುವೇ. ಚಿತ್ರದ ಬಹುಭಾಗಕ್ಕೆ ಅದು ಸಲ್ಲುತ್ತದೆ. ಟವೆಲಿನ ಆ ಕ್ಷಣಕ್ಕೆ ಸಲ್ಲದು. ಗೆಲುವಿನ ಎತ್ತರದಲ್ಲಿ ಹಿಂಸೆಯನ್ನು ಬಿಡುವುದು ಮಹಾತ್ಮರಿಗೆ ಸಾಧ್ಯ. ಮತ್ತೊಮ್ಮೆ ಅವಮಾನ ಕಾದಿದೆಯೆಂದು ತಿಳಿದೂ ಬಿಡುವುದು ಸಾಮಾನ್ಯನಿಗೆ ಇನ್ನೂ ಕಠಿಣವಿರಬಹುದು.

ಆ ಬಳಿಕ ಇವಾನನಿಗೆ ಒಂದು ಪುಟ್ಟ ದೃಶ್ಯವಷ್ಟೇ ಉಳಿದಿದೆ. ಕೀವ್ ನಗರದಲ್ಲಿ ತಂದೆ ಮಗ ಜೊತೆಯಾಗಿ ಓಡುತ್ತಿದ್ದಾರೆ, ಯಾವ ಪಂದ್ಯಕ್ಕೂ ಅಲ್ಲ.