ಮಕ್ಕಳ ಕೈಯಲ್ಲಿ ಅಭಿಪ್ರಾಯ ಬರಹ

ಐದನೇ ತರಗತಿಯ ಹೊತ್ತಿಗೆ ಮಕ್ಕಳಿಗೆ ಬೇಕಾದಷ್ಟು ಅಭಿಪ್ರಾಯಗಳಿರುತ್ತವೆ. ಆಟದ ಪೀರಿಯಡ್ಡನ್ನು ಗಣಿತಕ್ಕೆ ಬಿಟ್ಟುಕೊಟ್ಟದ್ದು ಸರಿಯೇ, ತಂಗಿ ಮಾಡಿದ ತಪ್ಪಿಗೆ ಅಕ್ಕನಿಗೇಕೆ ಬೈಗುಳ ಎಂದು ಪಟ್ಟು ಹಿಡಿದು ವಾದಿಸುತ್ತಾರೆ. ಅವರ ಮುಂದೆ ಹಾಳೆ ಇಟ್ಟರೆ ಸಾಕು, ವಾದವೆಲ್ಲ ಕರಗಿ ‘ಇಂದಿನ ಆಧುನಿಕ ಯುಗದಲ್ಲಿ’ ಎಂಬ ಗೈಡಿನ ಸಾಲು ಬಂದು ಕೂರುತ್ತದೆ. ಪೀಠಿಕೆ, ವಿಷಯ ನಿರೂಪಣೆ, ಉಪಸಂಹಾರ ಎಂಬ ಚೌಕಟ್ಟಿನಿಂದ ಪರೀಕ್ಷೆಯಲ್ಲಿ ಅಂಕ ಬರುತ್ತದೆ, ನಿಜ. ಆದರೆ ಪ್ರಬಂಧಕ್ಕೆ ಕೊಡುವ ‘ಗ್ರಂಥಾಲಯದ ಮಹತ್ವ’ವನ್ನು ಅಲ್ಲಗಳೆಯುವವರೇ ಇಲ್ಲದಿರುವಾಗ, ಅದರ ಮೇಲೆ ಬರೆದು ಮಗು ವಾದಿಸಲು ಕಲಿಯುವುದು ಹೇಗೆ? ತಿಳಿದವರು ಕೂಡ ಬೇರೆ ಬೇರೆಯಾಗಿ ಯೋಚಿಸುವಂಥ, ಮಗುವಿನ ಮೈಗೇ ತಾಗುವಂಥ ಪ್ರಶ್ನೆ ಬೇಕು.

ಶಾಲಾ ಬ್ಯಾಗು ಅಂಥದೊಂದು ವಿಷಯ. 2019ರ ಮೇ ತಿಂಗಳಲ್ಲಿ ಕರ್ನಾಟಕದ ಶಿಕ್ಷಣ ಇಲಾಖೆ ಅದರ ತೂಕಕ್ಕೆ ಮಿತಿ ಗೊತ್ತುಮಾಡಿತು: ಒಂದು, ಎರಡನೇ ತರಗತಿಗೆ 1.5ರಿಂದ 2 ಕೆ.ಜಿ., ಮೂರರಿಂದ ಐದಕ್ಕೆ 2ರಿಂದ 3, ಆರರಿಂದ ಎಂಟಕ್ಕೆ 3ರಿಂದ 4, ಒಂಬತ್ತು, ಹತ್ತಕ್ಕೆ 4ರಿಂದ 5. ‘ಬ್ಯಾಗು ತುಂಬಾ ಭಾರ’ ಎಂದು ಮಗು ಬರೆದರೆ ಅದಿನ್ನೂ ಬರೀ ದೂರು. ಅದೇ ಬ್ಯಾಗನ್ನು ಕಿರಾಣಿ ಅಂಗಡಿಯ ತಕ್ಕಡಿಯಲ್ಲಿಟ್ಟು, ಬಂದ ತೂಕವನ್ನು ಮಿತಿಯ ಪಕ್ಕ ಬರೆದರೆ ಮಾತಿಗೆ ಆಧಾರ ಸಿಗುತ್ತದೆ. ಮುಂದಿನ ಹೆಜ್ಜೆ ಇನ್ನೂ ಸೊಗಸಾದದ್ದು. ಬ್ಯಾಗನ್ನು ಬೆಂಚಿನ ಮೇಲೆ ಬಿಚ್ಚಿ ಒಂದೊಂದನ್ನೇ ಹೊರಗಿಟ್ಟು ನೋಡಬೇಕು. ಅಂದಿನ ವೇಳಾಪಟ್ಟಿಯಲ್ಲಿ ಇಲ್ಲದ ಪುಸ್ತಕ, ಟ್ಯೂಷನ್ನಿನ ನೋಟ್‌ಬುಕ್ಕು, ಒಂದು ಲೀಟರಿನ ನೀರಿನ ಬಾಟಲಿ. ಬಾಟಲಿಯ ನೀರೇ ಒಂದು ಕೆ.ಜಿ. ತೂಗುತ್ತದೆ! ಅಲ್ಲಿಗೆ ಮಗುವಿನ ವಾದವೇ ತಿರುವು ಪಡೆಯುತ್ತದೆ: ಶಾಲೆಯಲ್ಲಿ ಕುಡಿಯುವ ನೀರು ಚೆನ್ನಾಗಿದ್ದರೆ ಬ್ಯಾಗು ಇಷ್ಟು ಹಗುರಾಗುತ್ತದೆ. ಶಿಕ್ಷಕರು ಹೇಳಿಕೊಟ್ಟು ಬರುವ ಮಾತಲ್ಲ ಇದು. ಮಗು ತಾನೇ ಕಂಡುಕೊಂಡದ್ದು. ಇಂಥ ಒಂದು ಸಾಲಿಗೆ ಕಾಯುವುದರಲ್ಲೇ ಈ ಪಾಠದ ಸುಖವಿದೆ.

ಎದುರಾಳಿಯ ಮಾತನ್ನು ನ್ಯಾಯವಾಗಿ ಬರೆಯುವುದು ಎಲ್ಲಕ್ಕಿಂತ ಕಷ್ಟದ ಭಾಗ. ಪರ–ವಿರೋಧದ ಚರ್ಚಾಸ್ಪರ್ಧೆ ನಮ್ಮ ಶಾಲೆಗಳಿಗೆ ಹೊಸತಲ್ಲವಾದರೂ ಅಲ್ಲಿ ಗೆಲ್ಲುವ ಆತುರ ಹೆಚ್ಚು. ‘ಮನೆಗೆಲಸ ಕೊಡಬೇಕೆಂದರೆ ಪುಸ್ತಕ ಮನೆಗೆ ಹೋಗಲೇಬೇಕು’ ಎಂಬ ಶಿಕ್ಷಕರ ಮಾತನ್ನು, ಅವರೇ ಓದಿ ‘ಹೌದು, ನಾನು ಹೇಳುವುದೂ ಇದನ್ನೇ’ ಎನ್ನುವಂತೆ ಮಗು ಬರೆಯಬೇಕು. ಉತ್ತರ ಕೊಡುವುದು ಆಮೇಲೆ.

ಮೊದಲ ಕರಡು ಮನೆಮಾತಿನಲ್ಲೇ ಬರಲಿ. ಧಾರವಾಡದ ಮಗು ‘ಯಾಕಂದ್ರ’ ಎಂದು ಬರೆದರೆ ಅಲ್ಲೇ ಕೆಂಪು ಗೆರೆ ಎಳೆದು ತಡೆಯಬಾರದು. ಆ ಪದದ ಹಿಂದೆಯೇ ಕಾರಣ ಬರುತ್ತಿರುತ್ತದೆ. ಕಾಗುಣಿತ, ಶಿಷ್ಟರೂಪಗಳನ್ನು ಎರಡನೇ ಕರಡಿನಲ್ಲಿ ತಿದ್ದಬಹುದು. ಅಂಕ ಕೊಡುವಾಗ ನೋಡಬೇಕಾದದ್ದು ಕಾರಣಗಳ ಬಲವನ್ನು. ಶಿಕ್ಷಕರ ಅಭಿಪ್ರಾಯಕ್ಕೆ ವಿರುದ್ಧವಾಗಿ ಬರೆದ ಮಗುವಿಗೆ ಒಮ್ಮೆ ಅಂಕ ಕಡಿಮೆಯಾದರೆ ಇಡೀ ತರಗತಿ ಎಚ್ಚೆತ್ತುಕೊಂಡು ಮತ್ತೆ ಗೈಡಿಗೆ ಮರಳುತ್ತದೆ.

ಮಕ್ಕಳ ಮಾತಿಗೆ ಕಿವಿಗೊಡುವುದು ದೊಡ್ಡವರ ಔದಾರ್ಯವೇನಲ್ಲ. ತಮಗೆ ಸಂಬಂಧಿಸಿದ ವಿಷಯಗಳಲ್ಲಿ ಅಭಿಪ್ರಾಯ ಹೇಳುವ ಹಕ್ಕು ಮಕ್ಕಳಿಗಿದೆ ಎಂದು ವಿಶ್ವಸಂಸ್ಥೆಯ 1989ರ ಮಕ್ಕಳ ಹಕ್ಕುಗಳ ಒಡಂಬಡಿಕೆಯ 12ನೇ ವಿಧಿ ಹೇಳುತ್ತದೆ. ಭಾರತ ಅದನ್ನು 1992ರಲ್ಲಿ ಒಪ್ಪಿಕೊಂಡಿದೆ. ಕರ್ನಾಟಕದ ಗ್ರಾಮ ಪಂಚಾಯಿತಿಗಳಲ್ಲಿ ಮಕ್ಕಳ ಗ್ರಾಮಸಭೆಗಳೂ ನಡೆಯುತ್ತವೆ. ಆದ್ದರಿಂದ ಬರಹ ನೋಟ್‌ಬುಕ್ಕಿನಲ್ಲೇ ಉಳಿಯಬಾರದು. ಬ್ಯಾಗಿನ ಲೇಖನ ಮುಖ್ಯಶಿಕ್ಷಕರಿಗೆ, ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಅಧ್ಯಕ್ಷರಿಗೆ ತಲುಪಬೇಕು. ಅವರ ಉತ್ತರವನ್ನು ತರಗತಿಯಲ್ಲಿ ಗಟ್ಟಿಯಾಗಿ ಓದಬೇಕು. ಉತ್ತರ ‘ಆಗುವುದಿಲ್ಲ’ ಎಂದಿದ್ದರೆ ಅದಕ್ಕೆ ಕೊಟ್ಟ ಕಾರಣವನ್ನೇ ಕರಿಹಲಗೆಯ ಮೇಲೆ ಬರೆದು, ಮುಂದಿನ ವಾರದ ಬರಹಕ್ಕೆ ವಿಷಯವಾಗಿ ಕೊಡಬಹುದು.