ಹುಲಿಗೆ ಎಷ್ಟು ಕೊಂಬು?

ಮಕ್ಕಳಿಗೆ ಓದು ಕಲಿಸುವುದು ನನ್ನ ವೃತ್ತಿಯಲ್ಲ. ಬಿ.ಕಾಂ. ಮುಗಿಸಿ 34 ವರ್ಷ ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನು ನಾನು. ಲೆಡ್ಜರಿನ ಅಂಕಿ, ವೋಚರಿನ ಸಹಿ. ಸಂಜೆ ಕ್ಯಾಶ್ ಟ್ಯಾಲಿಯಾದರೆ ನೆಮ್ಮದಿ, ಆಗದಿದ್ದರೆ ರಾತ್ರಿ ಎಂಟಾದರೂ ಮನೆ ಸೇರುವಂತಿಲ್ಲ. ಇಷ್ಟೇ ನನ್ನ ಲೋಕವಾಗಿತ್ತು. ಆದರೆ ಕಳೆದ ಜೂನ್ ತಿಂಗಳಿಂದ ದಿನಕ್ಕೆ ಅರ್ಧ ಗಂಟೆ ನಾನೂ ಒಬ್ಬ ಮೇಷ್ಟ್ರು. ವಿದ್ಯಾರ್ಥಿನಿ ಒಬ್ಬಳೇ. ಪಠ್ಯಪುಸ್ತಕವೂ ಒಂದೇ. ಅದನ್ನು ಬರೆದವನೂ ನಾನೇ.

ಮೈಸೂರಿನ ನಮ್ಮ ಮನೆಗೆ ಪಾತ್ರೆ, ಕಸ, ಮುಸುರೆಗೆ ಬರುವಾಕೆಯ ಮಗಳು ಅವಳು. ಮೂರನೇ ಕ್ಲಾಸು. ನಾವೆಲ್ಲ ಪುಟ್ಟಿ ಎನ್ನುತ್ತೇವೆ, ಇಲ್ಲಿಯೂ ಹಾಗೇ ಇರಲಿ. ಶಾಲೆ ಬಿಟ್ಟ ಮೇಲೆ ಅಮ್ಮನ ಕೆಲಸ ಮುಗಿಯುವ ತನಕ ನಮ್ಮ ಜಗಲಿಯಲ್ಲಿ ಕುಳಿತಿರುತ್ತಿದ್ದಳು. ಒಂದು ದಿನ ಕನ್ನಡ ಪುಸ್ತಕ ತೆಗೆದು ಗಟ್ಟಿಯಾಗಿ ಪಾಠ ಓದುತ್ತಿದ್ದಳು. ತಡೆಯೇ ಇಲ್ಲ, ನೀರು ಕುಡಿದ ಹಾಗೆ. ನನಗೆ ಖುಷಿಯಾಗಿ ಹತ್ತಿರ ಹೋಗಿ ನೋಡಿದೆ. ಬಾಯಿ ಮೂರನೇ ಪುಟದಲ್ಲಿತ್ತು, ಬೆರಳು ಎರಡನೇ ಪುಟದಲ್ಲಿತ್ತು.

ನಡುವಿನ ಒಂದು ಪದದ ಮೇಲೆ ಬೆರಳಿಟ್ಟು, "ಇದೇನು ಪುಟ್ಟಿ?" ಎಂದೆ. ಅವಳು ಉತ್ತರ ಹೇಳಲಿಲ್ಲ. ಪಾಠದ ಮೊದಲ ಸಾಲಿನಿಂದ ಮತ್ತೆ ಶುರು ಮಾಡಿ ಆ ಪದದ ತನಕ ಬರಲು ನೋಡಿದಳು.

ನನಗೆ ಬ್ಯಾಂಕಿನ ಕೌಂಟರ್ ನೆನಪಾಯಿತು. ಸಾಕ್ಷರತಾ ಆಂದೋಲನದ ಕಾಲದಲ್ಲಿ ಹೆಬ್ಬೆಟ್ಟು ಬಿಟ್ಟು ಸಹಿ ಕಲಿತ ರೈತರೊಬ್ಬರು ನಮ್ಮ ಶಾಖೆಗೆ ಬರುತ್ತಿದ್ದರು. ಹಣ ತೆಗೆಯುವ ಚೀಟಿಯನ್ನು ಬೇರೆ ಯಾರಿಂದಲಾದರೂ ತುಂಬಿಸಿ, ಕೆಳಗೆ ಮಾತ್ರ ತಾವೇ ಸಹಿ ಹಾಕುವರು. ರಂಗೋಲಿ ಎಳೆದಂತೆ ನಿಧಾನವಾಗಿ ಎಳೆಯುವರು. ನಡುವೆ ನಾನು, "ಬೆಳೆ ಹೇಗಿದೆ ಗೌಡ್ರೇ?" ಎಂದರೆ ಮುಗಿಯಿತು, ಪೆನ್ನು ಎತ್ತಿ, ಇನ್ನೊಂದು ಚೀಟಿ ಕೇಳಿ, ಮೊದಲ ಅಕ್ಷರದಿಂದಲೇ ಆರಂಭ. ಅವರ ಪಾಲಿಗೆ ಅದು ಹೆಸರಲ್ಲ, ಒಂದು ಚಿತ್ರ. ತಮ್ಮದೇ ಪಾಸ್‌ಬುಕ್ಕಿನ ಮೇಲಿದ್ದ ಅದೇ ಹೆಸರು ಅವರಿಗೆ ಗುರುತು ಸಿಗುತ್ತಿರಲಿಲ್ಲ. ಪುಟ್ಟಿಯೂ ಪಾಠವನ್ನು ಹಾಗೆಯೇ ಹಿಡಿದಿದ್ದಳು.

ಅವಳ ತಾಯಿಯನ್ನು ಕೇಳಿದೆ. "ಅಯ್ಯೋ, ಇದರ ತಲೆಗೆ ಹತ್ತಲ್ಲ ಸಾರ್. ಬೆಳಿಗ್ಗೆ ಎದ್ರೆ ಹೊಟ್ಟೆನೋವು ಅಂತಾಳೆ, ಇಸ್ಕೂಲಿಗೆ ಹೋಗಲ್ಲ ಅಂತ ಹಟ. ದೀಪಾವಳಿ ಕಳೀಲಿ, ಊರಲ್ಲಿ ನಮ್ಮವ್ವನ ಹತ್ರ ಬಿಟ್ಬುಡ್ತೀನಿ. ಕುರಿ ನೋಡ್ಕೊಂಡು ಇರ್ಲಿ" ಎಂದಳು. ಸಿಟ್ಟಿನಿಂದ ಹೇಳಿದ ಮಾತಲ್ಲ, ಸೋತು ಹೇಳಿದ್ದು. ಆಕೆಗೆ ಓದು ಬಾರದು. ಮಗಳಿಗೆ ಬರುವುದಿಲ್ಲ ಎಂಬುದೂ ಶಾಲೆಯಲ್ಲಿ ಹೇಳಿದ ಮೇಲೆಯೇ ಗೊತ್ತಾದದ್ದು. ದೀಪಾವಳಿಗೆ ಉಳಿದಿದ್ದದ್ದು ನಾಲ್ಕು ತಿಂಗಳು ಚಿಲ್ಲರೆ.

ಮೊದಲು ನಾನು ಲೆಕ್ಕ ಹಾಕಿದೆ, ಹಳೆಯ ಚಾಳಿ. ಕನ್ನಡ ವರ್ಣಮಾಲೆಯಲ್ಲಿ 49 ಅಕ್ಷರ. ಪುಟ್ಟಿಗೆ ಅವು ಹೆಚ್ಚು ಕಡಿಮೆ ಬರುತ್ತಿದ್ದವು, ಸಾಲಾಗಿ ಹೇಳಿದರೆ. ತೊಡಕು ಇರುವುದು ಅಲ್ಲಿಂದ ಮುಂದೆ. 34 ವ್ಯಂಜನಗಳಿಗೆ 13 ಸ್ವರ ಸೇರಿದರೆ 442 ಗುಣಿತಾಕ್ಷರ. ಅದರ ಮೇಲೆ ಸೊನ್ನೆ, ವಿಸರ್ಗ, ಒತ್ತಕ್ಷರ. ಮಗು ಇವನ್ನೆಲ್ಲ ಒಂದೊಂದಾಗಿ ಬಾಯಿಪಾಠ ಮಾಡಬೇಕೆಂದರೆ ನಮ್ಮ ಹಳೆಯ ಲೆಡ್ಜರನ್ನೇ ಬಾಯಿಪಾಠ ಮಾಡು ಎಂದಂತೆ. ಆದರೆ ಕೊಂಬು, ಗುಡಿಸು, ಏತ್ವ, ಇಳಿ ಎಂಬ ಹತ್ತು ಹನ್ನೆರಡು ಗುರುತುಗಳ ಗುಟ್ಟು ತಿಳಿದರೆ 442ರ ಹೊರೆ ಇಳಿದುಹೋಗುತ್ತದೆ. ಕನ್ನಡ ಈ ವಿಷಯದಲ್ಲಿ ಬಹಳ ಉದಾರಿ. ಬರೆದದ್ದನ್ನೇ ಓದುತ್ತೇವೆ. ಇಂಗ್ಲಿಷಿನ ಹಾಗೆ ಒಂದು ಬರೆದು ಇನ್ನೊಂದು ಉಚ್ಚರಿಸುವ ಕಾಟವಿಲ್ಲ.

ಅಕ್ಷರಗಳನ್ನು ಅ, ಆ, ಇ, ಈ ಎಂಬ ಕ್ರಮದಲ್ಲೇ ಕಲಿಸಬೇಕೆಂದೂ ಇಲ್ಲ. ನಮ್ಮ ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ 1995ರಲ್ಲಿ ಶುರುವಾದ ನಲಿ-ಕಲಿ ಪದ್ಧತಿಯಲ್ಲಿ ಮೊದಲು ಬರುವುದು ರ, ಗ, ಸ, ದ, ಅ. ಐದೇ ಅಕ್ಷರ ಕಲಿತ ಮಗು ಸರ, ದರ, ಅರಸ, ಅಗಸ, ಗರಗಸ ಎಂದು ಓದಿಬಿಡಬಹುದು. ಎಷ್ಟು ಜಾಣ ಉಪಾಯ! ನಾನು ಕಲಿಯುವಾಗ 49 ಅಕ್ಷರ ತಿದ್ದಿ ತಿದ್ದಿ ಬೆರಳು ಸವೆದ ಮೇಲೆ ಮೊದಲ ಪದ ಸಿಕ್ಕಿತ್ತು.

ಪುಟ್ಟಿಗೆ ಅಕ್ಷರದ ಬೇಸರ ಆಗಲೇ ಬಂದಾಗಿತ್ತು. ಹೀಗಾಗಿ ನನಗೆ ಬೇಕಾದದ್ದು ಒಂದು ಕಥೆ. ಚಾಮರಾಜೇಂದ್ರ ಮೃಗಾಲಯ ನಮ್ಮ ಮನೆಯಿಂದ ದೂರವಿಲ್ಲ. 1892ರಲ್ಲಿ ಚಾಮರಾಜೇಂದ್ರ ಒಡೆಯರ ಕಾಲದಲ್ಲಿ ಆರಂಭವಾದದ್ದು. ಮೈಸೂರಿನ ಯಾವ ಮಗುವಿಗೂ ಅದರ ಬಗ್ಗೆ ಪೀಠಿಕೆ ಬೇಕಿಲ್ಲ. ಅದಕ್ಕೆ ವಾರದ ರಜಾ ಮಂಗಳವಾರ. ಜನ ಬಾರದ ಮಂಗಳವಾರ ಪ್ರಾಣಿಗಳು ಏನು ಮಾಡುತ್ತವೆ? ಇದೇ ಕಥೆ ಎಂದುಕೊಂಡೆ.

ಕಥಾನಾಯಕ ಮಂಗ. ಕಾರಣ ಸಾಹಿತ್ಯಿಕವಲ್ಲ, ಮಂಗ ಎಂದು ಬರೆಯಲು ಎರಡು ಅಕ್ಷರ, ಒಂದು ಸೊನ್ನೆ ಸಾಕು. ಪ್ರಾಣಿಗಳ ಹೆಸರುಗಳನ್ನು ಓದುವ ಕಷ್ಟದ ಮೇಲೆ ಪಟ್ಟಿ ಮಾಡಿದರೆ ತಮಾಷೆಯಾಗಿರುತ್ತದೆ. ಮಂಗ ಎಲ್ಲಕ್ಕಿಂತ ಸುಲಭ. ನರಿ, ಕರಡಿಗೆ ಒಂದೊಂದು ಗುಡಿಸು. ಆನೆಗೆ ಒಂದು ಏತ್ವ. ಅಷ್ಟು ದೊಡ್ಡ ಪ್ರಾಣಿ, ಇಷ್ಟು ಸಣ್ಣ ಪದ. ಘೇಂಡಾಮೃಗ ಒಂದೇ ಪದದಲ್ಲಿ ಮಹಾಪ್ರಾಣ, ದೀರ್ಘ, ಸೊನ್ನೆ, ವಟ್ರಸುಳಿ ಎಲ್ಲವನ್ನೂ ಹೊತ್ತು ನಿಂತಿದೆ. ಉಷ್ಟ್ರಪಕ್ಷಿಯ ಮಾತಂತೂ ಬೇಡ. ಅದನ್ನು ಓದಲು ದೊಡ್ಡವರೂ ಒಂದು ಕ್ಷಣ ಉಸಿರು ತೆಗೆದುಕೊಳ್ಳುತ್ತಾರೆ.

ಬ್ಯಾಂಕಿನ ಹಳೆಯ ಡೈರಿಯೊಂದರಲ್ಲಿ ದಪ್ಪ ಸ್ಕೆಚ್ ಪೆನ್ನಿನಿಂದ 12 ಪುಟ ಬರೆದೆ. ಪುಟಕ್ಕೆ ಎರಡೇ ಸಾಲು. ಚಿತ್ರ ಬರೆದವಳು ನನ್ನ ಹೆಂಡತಿ. ಅವಳ ಹುಲಿ ಸ್ವಲ್ಪ ಬೆಕ್ಕಿನ ಹಾಗಿತ್ತು, ನಾನು ಬಾಯಿ ಬಿಡಲಿಲ್ಲ. ಒಂದು ವಿಷಯದಲ್ಲಿ ಮಾತ್ರ ನನ್ನದೇ ನಡೆಯಿತು. ಪದ ಒಂದು ಪುಟದಲ್ಲಿ, ಚಿತ್ರ ಅದರ ಹಿಂಬದಿಯಲ್ಲಿ. ಮೊದಲು ಓದಬೇಕು, ಆಮೇಲೆ ಹಾಳೆ ಮಗುಚಿ ಸರಿಯೇ ಎಂದು ನೋಡಬೇಕು. ಪದದ ಪಕ್ಕದಲ್ಲೇ ಹುಲಿಯ ಚಿತ್ರವಿದ್ದರೆ ಮಗು ಚಿತ್ರ ನೋಡಿ ಹುಲಿ ಎನ್ನುತ್ತದೆ, ನಾವು ಓದಿತು ಎಂದುಕೊಳ್ಳುತ್ತೇವೆ. ಅಂಗಡಿಯಲ್ಲಿ ಸಿಗುವ ಎಷ್ಟೋ ಬಣ್ಣದ ಪುಸ್ತಕಗಳ ಹಣೆಬರಹ ಇದೇ.

ಮೊದಲ ಪುಟ: "ಮರ. ಮಂಗ." ಎರಡನೆಯದು: "ಮಂಗಳವಾರ. ಜನ ಇಲ್ಲ." ಇಲ್ಲ ಎಂಬುದರಲ್ಲಿ ಒತ್ತು ಇದ್ದರೂ ಅದನ್ನು ಇಡಿಯಾಗಿಯೇ ಕಲಿಸಿದೆ. ಇಲ್ಲ ಎಂಬ ಪದವಿಲ್ಲದೆ ಕನ್ನಡದಲ್ಲಿ ಯಾವ ಕಥೆಯೂ ಮುಂದೆ ಹೋಗದು. ಆಮೇಲೆ ಮಂಗ ಒಂದೊಂದೇ ಪ್ರಾಣಿಯ ಹತ್ತಿರ ಹೋಗಿ, "ಜನ ಎಲ್ಲಿ?" ಎಂದು ಕೇಳುತ್ತದೆ. ಕರಡಿ ಮಲಗಿದೆ. ನರಿ ನಗುತ್ತದೆ. ಆನೆ ಕಿವಿ ಬೀಸುತ್ತದೆ. ಒಂಬತ್ತನೇ ಪುಟದಲ್ಲಿ ಮಂಗ ಟಿಕೆಟ್ ಕೊಡುವ ಕಿಟಕಿಯ ಒಳಗೆ ಹೋಗಿ ಕೂರುತ್ತದೆ.

ಹುಲಿ ಬಂದ ದಿನ ಹೊಸ ಆಟವೊಂದು ತಾನಾಗಿ ಹುಟ್ಟಿತು. ನಾನು, "ಹಕ್ಕೆ ಕೊಂಬು ಕೊಟ್ಟರೆ ಹು" ಎಂದೆ. ಪುಟ್ಟಿ ಕತ್ತೆತ್ತಿ, "ಹುಲಿಗೆ ಕೊಂಬಿದ್ಯಾ ತಾತ?" ಎಂದಳು.

"ಝೂನಲ್ಲಿರೋ ಹುಲಿಗೆ ಇಲ್ಲ. ಪುಸ್ತಕದ ಹುಲಿಗೆ ಇದೆ. ಎಷ್ಟು ನೋಡು."

"ಒಂದು."

"ಕುದುರೆಗೆ?"

ಬರೆದು ತೋರಿಸಿದೆ. ಅವಳು ಬೆರಳಿಟ್ಟು ಎಣಿಸಿದಳು. ಎರಡು! ಕೊಂಬಿಲ್ಲದ ಕುದುರೆಗೆ ಅಕ್ಷರದಲ್ಲಿ ಎರಡು ಕೊಂಬು. ಕೊಂಬಿರುವ ಎಮ್ಮೆಗೆ ಒಂದೂ ಇಲ್ಲ. ಕಡವೆಗೂ ಇಲ್ಲ. ಹಸುವಿಗೆ ಇದೆ, ಆದರೆ ಬಾಲದ ಕಡೆ. ಮೂಗಿನ ಮೇಲೆ ಕೊಂಬು ಹೊತ್ತ ಘೇಂಡಾಮೃಗಕ್ಕೆ ಸಿಕ್ಕಿದ್ದು ಬರೀ ವಟ್ರಸುಳಿ. ಪುಟ್ಟಿ ನಕ್ಕು ನಕ್ಕು ಜಗಲಿಯ ಮೇಲೆ ಉರುಳಿದಳು. ಅಂದಿನಿಂದ ಕಂಡ ಪದಕ್ಕೆಲ್ಲ ಕೊಂಬು ಎಣಿಸುವುದೇ ಕೆಲಸ. ಉಪ್ಪಿನ ಪೊಟ್ಟಣ, ಅಗರಬತ್ತಿ ಡಬ್ಬಿ, ಆಟೋದ ಬೆನ್ನು ಯಾವುದನ್ನೂ ಬಿಡಲಿಲ್ಲ.

ಒಂದು ದಿನ ಹಾವು ಎಂಬ ಪದ ಹಿಡಿದು ಬಂದಳು. "ಇದರ ಕೊಂಬು ಯಾಕೆ ಕೆಳಗಡೆ ನೇತಾಡ್ತಿದೆ?" ಒಳ್ಳೆಯ ಪ್ರಶ್ನೆ. ಉಳಿದ ಅಕ್ಷರಗಳಂತೆ ವಕಾರದ ಪಕ್ಕಕ್ಕೇ ಕೊಂಬು ಹಾಕಿದರೆ ಅದು ಮ ಆಗಿಬಿಡುತ್ತದೆ. ಗೊಂದಲ ಬೇಡವೆಂದು ಹಿರಿಯರು ವು ಬರೆಯುವಾಗ ಕೊಂಬನ್ನು ಕೆಳಕ್ಕೆ ಇಳಿಸಿದ್ದಾರೆ. ಸ್ಲೇಟಿನ ಮೇಲೆ ಎರಡನ್ನೂ ಬರೆದು ತೋರಿಸಿದೆ. ಅವಳು ಅಳಿಸಿ ಅಳಿಸಿ ಬರೆದು, ತಾನೇ ವಕಾರವನ್ನು ಮ ಮಾಡಿ, ಮತ್ತೆ ವ ಮಾಡಿದಳು. ಎಪ್ಪತ್ತು ದಾಟಿದ ನನಗೂ ಇದನ್ನು ಯಾರಾದರೂ ಕೇಳಿದ್ದು ಅದೇ ಮೊದಲು.

ಇಷ್ಟಾದರೂ ಇದು ಓದೋ, ಮತ್ತೆ ಬಾಯಿಪಾಠವೋ ಎಂಬ ಅನುಮಾನ ನನಗೆ ಇದ್ದೇ ಇತ್ತು. "ಜನ ಎಲ್ಲಿ?" ಎಂಬ ಸಾಲು ಪುಟ ಪುಟಕ್ಕೂ ಬರುತ್ತದಲ್ಲ, ಒಮ್ಮೆ ಕಿವಿಗೆ ಬಿದ್ದರೆ ನೋಡದೆಯೇ ಹೇಳಬಹುದು. ಆಡಿಟಿಗೆ ಬಂದವರು ಎಲ್ಲ ವೋಚರನ್ನೂ ನೋಡುವುದಿಲ್ಲ, ನಡುವಿನಿಂದ ಒಂದನ್ನು ಎಳೆಯುತ್ತಾರೆ. ನಾನೂ ಹಾಗೇ ಒಂದು ಕಡೆ ಬಲೆ ಹಾಕಿದ್ದೆ. ಟಿಕೆಟ್ ಕಿಟಕಿಯಲ್ಲಿ ಕೂತ ಮಂಗ ಕೇಳುವುದು, "ಹಣ ಎಲ್ಲಿ?"

ಪುಟ್ಟಿ ಆ ಪುಟಕ್ಕೆ ಬಂದಳು. "ಜನ ಎಲ್ಲಿ" ಎಂದು ಓದಿ ಹಾಳೆ ಮಗುಚಲು ಕೈಯೆತ್ತಿದಳು. ನಾನು ಸುಮ್ಮನಿದ್ದೆ. ಕೈ ಅಲ್ಲಿಯೇ ನಿಂತಿತು. ಬೆರಳು ಹಿಂದಕ್ಕೆ ಬಂತು. "ಹ... ಣ... ಹಣ." ಇನ್ನೊಂದು ಸಲ ಮೊದಲಿನಿಂದ ನೋಡಿದಳು. "ತಾತಾ, ಇದು ಜನ ಅಲ್ಲ, ಹಣ! ಮಂಗ ದುಡ್ಡು ಕೇಳ್ತಿದೆ!" ಒಳಗಿನಿಂದ ನನ್ನ ಹೆಂಡತಿ, "ಬ್ಯಾಂಕಿನವರು ಬರೆದ ಕಥೆ, ಮಂಗ ಇನ್ನೇನು ಕೇಳುತ್ತೆ?" ಎಂದಳು. ನನಗೆ ಉತ್ತರ ಕೊಡುವ ಸ್ಥಿತಿ ಇರಲಿಲ್ಲ. ಕನ್ನಡಕ ಒರೆಸಿಕೊಳ್ಳುತ್ತಿದ್ದೆ.

ಅದಾದ ವಾರಕ್ಕೆ ಅಡುಗೆಮನೆಯ ಗೋಡೆಯ ಕ್ಯಾಲೆಂಡರ್ ಮುಂದೆ ನಿಂತು ಕೂಗಿದಳು. ಮಂಗಳವಾರ ಎಂಬ ಪದದ ಕೊನೆಯ ಮೂರು ಅಕ್ಷರಗಳನ್ನು ಅಂಗೈಯಿಂದ ಮುಚ್ಚಿ ಹಿಡಿದಿದ್ದಳು. "ಇಲ್ಲಿ ಮಂಗ ಕೂತಿದೆ ನೋಡಿ!" ನಾನು ಇದನ್ನು ಯೋಚಿಸಿ ಬರೆದಿರಲಿಲ್ಲ. ಪುಣ್ಯ ಅವಳದು. ಅವಳ ತಾಯಿ ಕೈಯಲ್ಲಿ ಸೋಪಿನ ನೊರೆ ಹಿಡಿದುಕೊಂಡೇ ಬಂದು ನೋಡಿ, "ಎಲ್ಲವ್ವ ಮಂಗ?" ಎಂದು ಕ್ಯಾಲೆಂಡರಿನಲ್ಲಿ ಚಿತ್ರ ಹುಡುಕಿದಳು. ಪುಟ್ಟಿ ತಾಯಿಯ ಒದ್ದೆ ಬೆರಳು ಹಿಡಿದು ಮ ಮೇಲೆ ಇಟ್ಟಳು.

ದಸರಾ ರಜೆಯಲ್ಲಿ ನಾಲ್ವರೂ ಮೃಗಾಲಯಕ್ಕೆ ಹೋದೆವು. ಹಬ್ಬದ ಜನಜಂಗುಳಿ, ಪ್ರಾಣಿಗಳಿಗಿಂತ ತಲೆಗಳೇ ಹೆಚ್ಚು. ಎಲ್ಲರೂ ಆವರಣದ ಒಳಗೆ ಇಣುಕುತ್ತಿದ್ದರೆ ಇವಳು ಪ್ರತಿ ಹಲಗೆಯ ಮುಂದೆ ನಿಂತು ಓದುತ್ತಿದ್ದಳು. ಒತ್ತಕ್ಷರ ಬಂದಲ್ಲಿ ಎಡವುತ್ತಿದ್ದಳು. ತಾಯಿ ಪಕ್ಕದಲ್ಲಿ ನಿಂತು ಪ್ರತಿ ಸಲವೂ, "ಏನಂತೆ?" ಎಂದು ಕೇಳುತ್ತಿದ್ದಳು. ಕೇಳುವ ಅಗತ್ಯವೇನೂ ಇರಲಿಲ್ಲ, ಆನೆ ಎದುರಿಗೇ ನಿಂತಿತ್ತು. ಊರಿಗೆ ಕಳಿಸುವ ಮಾತು ದೀಪಾವಳಿಗೆ ಬರಲಿಲ್ಲ. ನಾನಾಗಿ ಎತ್ತಲೂ ಇಲ್ಲ. ಈಗಲೂ ಶಾಲೆಯ ಪಾಠಗಳಲ್ಲಿ ಪುಟ್ಟಿ ಹಿಂದೆಯೇ ಇದ್ದಾಳೆ. ನಿಧಾನವಾಗಿ ಓದುತ್ತಾಳೆ. ಬೆಳಗಿನ ಹೊಟ್ಟೆನೋವು ಮಾತ್ರ ನಿಂತಿದೆ.

ಒಂದು ಸಂಜೆ ಕಥೆಯನ್ನು ಎಷ್ಟನೆಯದೋ ಸಲ ಓದಿ ಮುಗಿಸಿದವಳು ಪುಸ್ತಕ ಮಡಚಿ ಕೇಳಿದಳು: "ತಾತ, ಝೂಗೆ ಮಂಗಳವಾರ ರಜ. ಅಮ್ಮಂಗೆ ಯಾವತ್ತು?"

ನಾನು ನನ್ನ ಹೆಂಡತಿಯ ಮುಖ ನೋಡಿದೆ. ಅವಳು ನನ್ನ ಮುಖ ನೋಡಿದಳು. ಸಂಬಳಕ್ಕೆ ಮುಟ್ಟದೆ ಮಂಗಳವಾರವೇ ಆಗಲಿ ಎಂದು ತೀರ್ಮಾನವಾಯಿತು. ಪುಟ್ಟಿಯ ತಾಯಿ, "ಬ್ಯಾಡ ಸಾರ್, ಉಳಿದೆರಡು ಮನೆಯವ್ರು ಏನಂತಾರೋ" ಎಂದಳು. ಅವರು ಏನೆನ್ನುತ್ತಾರೋ ನಾನರಿಯೆ, ನಮ್ಮ ಮನೆಯಲ್ಲಿ ಮಂಗಳವಾರದ ಪಾತ್ರೆ ನನ್ನ ಪಾಲಿಗೆ ಬಂದಿದೆ. ಬಾಣಲೆ ಉಜ್ಜುವುದು ಕ್ಯಾಶ್ ಟ್ಯಾಲಿ ಮಾಡುವುದಕ್ಕಿಂತ ಕಷ್ಟ.

ಎರಡನೆಯ ಪುಸ್ತಕ ಇದರಿಂದಾಗಿ ಹಿಂದೆ ಬಿದ್ದಿದೆ. ಅದರಲ್ಲಿ ಜಿರಾಫೆ ಬರಬೇಕೆಂದು ಬೇಡಿಕೆ ಇದೆ. ಫ ಇನ್ನೂ ಕಲಿಸಿಲ್ಲ, ಮುಂದಿನ ವಾರ ಎಂದಿದ್ದೇನೆ. "ಹೋದ ವಾರಾನೂ ಹಂಗೇ ಅಂದ್ರಿ" ಎಂದು ಪುಟ್ಟಿ ಗೊಣಗುತ್ತಿದ್ದಾಳೆ. ಜಿರಾಫೆಗೆ ಕೊಂಬಿಲ್ಲ ಎಂಬುದನ್ನು ಮಾತ್ರ ಆಗಲೇ ನೋಡಿಟ್ಟುಕೊಂಡಿದ್ದಾಳೆ.